ಒಂದು ಬಾಕಿ ನೋಡಲು ಇಡೀ ಕಂಪ್ಯೂಟರ್ ಯಾಕೆ?



ಕಚೇರಿಯ ಕಂಪ್ಯೂಟರನ್ನು ಮೊಬೈಲಿನಿಂದ ಬಳಸಲು ಬಿಡಬೇಕೇ ಬೇಡವೇ ಎಂದು ಚರ್ಚಿಸುವ ಕಾಲ ಮೈಸೂರಿನಲ್ಲಿ ಮುಗಿದಿದೆ. ಯಾರೂ ಕುಳಿತು ತೀರ್ಮಾನಿಸದೆಯೇ ಅದು ಬಳಕೆಗೆ ಬಂದುಬಿಟ್ಟಿದೆ. 2020ರ ಮಾರ್ಚ್ ಕೊನೆಯನ್ನು ನೆನೆಯಿರಿ. ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಸೋಂಕು ಕಾಣಿಸಿಕೊಂಡು, ಮುಂದೆ ಜಿಲ್ಲೆಯೇ ಕೆಂಪು ವಲಯವಾಯಿತು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳಿಗೆ ಲ್ಯಾಪ್‌ಟಾಪ್ ಇತ್ತು, ವಿಪಿಎನ್ ಇತ್ತು, ನೋಡಿಕೊಳ್ಳಲು ಜನರಿದ್ದರು. ಸಂತೇಪೇಟೆಯ ಸಗಟು ವ್ಯಾಪಾರಿಯ, ಹೂಟಗಳ್ಳಿಯ ಸಣ್ಣ ಕಾರ್ಖಾನೆಯವರ ಲೆಕ್ಕವೋ, ಬೀಗ ಹಾಕಿದ ಕೋಣೆಯ ಕಂಪ್ಯೂಟರಿನಲ್ಲಿದ್ದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದೊಳಗೆ. ಇಂಥವರ ಕೈಗೆ ಸುಲಭವಾಗಿ ಸಿಕ್ಕಿದ್ದು, ಕಂಪ್ಯೂಟರನ್ನು ದೂರದಿಂದಲೇ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್. ಲಾಕ್‌ಡೌನ್ ಹೋಯಿತು, ಅವು ಉಳಿದವು.

ಆ ತಂತ್ರಾಂಶಗಳು ಕೆಟ್ಟವಲ್ಲ. ನನ್ನ ತಕರಾರು ಬೇರೆ. ಊಟಿಗೆ ಹೊರಟ ಮಾಲೀಕರಿಗೆ ಒಬ್ಬ ಪಾರ್ಟಿಯ ಬಾಕಿ ಎಷ್ಟೆಂದು ತಿಳಿಯಬೇಕು. ಅಷ್ಟಕ್ಕೆ ಇಡೀ ಕಂಪ್ಯೂಟರ್ ಅಂಗೈಯಲ್ಲಿ ತೆರೆದುಕೊಳ್ಳುತ್ತದೆ: ಸಂಬಳದ ಪಟ್ಟಿ, ನೌಕರರ ಆಧಾರ್ ಪ್ರತಿ, ಬ್ರೌಸರ್ ನೆನಪಿಟ್ಟುಕೊಂಡ ಬ್ಯಾಂಕ್ ಪಾಸ್‌ವರ್ಡ್, ಎಲ್ಲವೂ. ಸಣ್ಣ ಪರದೆಯಲ್ಲಿ ಬೆರಳು ಜಾರಿದರೆ ನಮೂದೇ ಅಳಿಸಿಹೋಗಬಹುದು.

ಹೀಗೇ ಇರಬೇಕೆಂದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ಲನ್ನು ಮೊದಲು ಜಾರಿಗೆ ತಂದದ್ದು ಕರ್ನಾಟಕ, 2018ರ ಏಪ್ರಿಲ್ 1ರಂದು. ಆ ವ್ಯವಸ್ಥೆಯಲ್ಲಿ ಸಾದಾ ಕೀಪ್ಯಾಡ್ ಫೋನಿನಿಂದಲೂ ಎಸ್ಸೆಮ್ಮೆಸ್ ಕಳಿಸಿ ಬಿಲ್ ಪಡೆಯಬಹುದು, ಲಾರಿ ಕೆಟ್ಟರೆ ಬೇರೆ ಲಾರಿಯ ನಂಬರ್ ಸೇರಿಸಬಹುದು, ರದ್ದು ಮಾಡಬಹುದು. ನೋಂದಾಯಿಸಿದ ನಂಬರಿನಿಂದ ಬಂದರೆ ಮಾತ್ರ. ಅದರಾಚೆಗಿನ ಯಾವುದೂ ಆ ಫೋನಿಗೆ ಕಾಣುವುದಿಲ್ಲ. ಕೆಲಸವೆಷ್ಟೋ ಅಷ್ಟೇ ಕಿಂಡಿ. ಮೊಬೈಲ್ ಬಳಕೆಯನ್ನು ಇದಕ್ಕಿಂತ ಚೊಕ್ಕವಾಗಿ ಯೋಚಿಸಿದ ವ್ಯವಸ್ಥೆಗಳು ಕಡಿಮೆ. 

ಖಾಸಗಿ ಲೆಕ್ಕಪತ್ರಕ್ಕೂ ಇದು ಸಾಧ್ಯ. ಟ್ಯಾಲಿಪ್ರೈಮ್‌ನಲ್ಲಿ ವರದಿಗಳನ್ನು ಬ್ರೌಸರಿನಲ್ಲಿ ನೋಡುವ ಸೌಲಭ್ಯವಿದೆ. ನೋಡಬಹುದು, ತಿದ್ದಲಾಗದು. ಮಾಲೀಕರಿಗೆ ಬಹುಪಾಲು ಬೇಕಿರುವುದು ಅಷ್ಟೇ.

ಅಪಾಯದ ಮಾತನ್ನು ಉದ್ದ ಮಾಡುವುದಿಲ್ಲ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಎನಿಡೆಸ್ಕ್ ಹೆಸರನ್ನೇ ಎತ್ತಿ ಬ್ಯಾಂಕುಗಳನ್ನು ಎಚ್ಚರಿಸಿತು. ನಂಬಿಸಿ ಅದನ್ನು ಹಾಕಿಸಿ, ಫೋನನ್ನೇ ವಶಕ್ಕೆ ಪಡೆದು ಖಾತೆ ಬರಿದು ಮಾಡುವವರು ಹುಟ್ಟಿಕೊಂಡಿದ್ದರು. ಲೆಕ್ಕ ನೋಡುವ ಫೋನೂ ಒಟಿಪಿ ಬರುವ ಫೋನೂ ಒಂದೇ ಆಗಿರುವಾಗ ಎರಡನೆಯ ಬೀಗಕ್ಕೆ ಅರ್ಥವೆಷ್ಟು? ಇನ್ನು, ಕೆಲಸ ಬಿಟ್ಟು ಹೋದ ಅಕೌಂಟೆಂಟ್ ಬಳಿಯ ಪಾಸ್‌ವರ್ಡನ್ನು ಎಷ್ಟು ಜನ ಅಂದೇ ಬದಲಿಸುತ್ತೀರಿ? 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ನಿಂತು ಪೆಟ್ರೋಲಿಗೆ ಸಾಲು ಹಚ್ಚುವಂತಾಯಿತಲ್ಲ, ದಾಳಿಕೋರರು ಒಳಹೊಕ್ಕದ್ದು ಬಳಕೆಯಲ್ಲಿಲ್ಲದ ಹಳೆಯ ವಿಪಿಎನ್ ಖಾತೆಯಿಂದ. ಪಾಸ್‌ವರ್ಡ್ ಒಂದೇ ಸಾಕಾಗಿತ್ತು.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಸಣ್ಣ ಅಂಗಡಿಯವರಿಗೆ ಲಾಗ್ ಎಲ್ಲಿದೆ ಎಂದು ತೋರಿಸಿಕೊಡುವವರಾದರೂ ಯಾರು?

ನೌಕರರ ಕಡೆಯಿಂದಲೂ ನೋಡಬೇಕು. ಫೋನ್ ಅವರದು, ಕೆಲಸ ಕಂಪನಿಯದು. ಫೋನ್ ಕಳೆದಾಗ ದೂರದಿಂದಲೇ ಎಲ್ಲ ಅಳಿಸುವ ಹಕ್ಕು ಬೇಕೆನ್ನುವ ಕಂಪನಿ, ಅದರಲ್ಲಿರುವ ಮಗುವಿನ ಫೋಟೋಗಳನ್ನೂ ಅಳಿಸಬಹುದೇ? ಕೆಲಸದ ಭಾಗವನ್ನು ಮಾತ್ರ ಪ್ರತ್ಯೇಕವಾಗಿಟ್ಟು ಅಳಿಸುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲೇ ಇದೆ. ನೌಕರಿಗೆ ಸೇರುವಾಗ ಅದನ್ನು ಕೇಳಿ ಪಡೆಯಿರಿ ಎಂದು ಇಲ್ಲಿರುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಈ ವಿಷಯದ ಬಗ್ಗೆ ಇಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಒಂದೇ. ನೀವು ಸೂಚಿಸುವ ವ್ಯವಸ್ಥೆಗೆ ತಿಂಗಳ ಖರ್ಚೆಷ್ಟು, ಕಂಪ್ಯೂಟರ್ ಓದದವರು ಅದನ್ನು ನಡೆಸಬಲ್ಲರೇ, ಫೋನ್ ಕಳೆದುಹೋದ ರಾತ್ರಿ ಅವರು ಯಾರಿಗೆ ಕರೆ ಮಾಡಬೇಕು ಎಂಬ ಮೂರಕ್ಕೂ ಉತ್ತರವನ್ನು ಮೊದಲ ಪುಟದಲ್ಲೇ ಬರೆಯಿರಿ.