ಚಿಕ್ಕ ಮಗುವನ್ನು ಯಾರ ಹತ್ತಿರ ಬಿಟ್ಟು ಬಂದಿರಿ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)





ಈಗ ಸ್ವಲ್ಪ ಹೊತ್ತಿನ ಹಿಂದೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಚೆಕ್ ತೆಗೆದುಕೊಳ್ಳಲು ವೇದಿಕೆಗೆ ಬಂದಳು. ಬರುವ ಮೊದಲು ಕಂಕುಳಲ್ಲಿದ್ದ ತಮ್ಮನನ್ನು ಪಕ್ಕದವಳ ಕೈಗೆ ಕೊಟ್ಟಳು. ಚೆಕ್ ಪಡೆದು ಇಳಿದ ಕೂಡಲೇ ಮತ್ತೆ ಎತ್ತಿಕೊಂಡಳು. ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ. ಆ ಮಗು ಹಗಲಿಡೀ ಯಾರ ಕೈಯಲ್ಲಿರುತ್ತದೆ ಎಂದು ನಾನು ಯೋಚಿಸುತ್ತಿದ್ದೆ. ಇವತ್ತು ನನ್ನ ಮಾತೆಲ್ಲ ಆ ಮಗುವಿನ ಬಗ್ಗೆ.

ನಮ್ಮ ಅರ್ಜಿಯಲ್ಲಿ ತಂದೆಯ ಆದಾಯ ಕೇಳುತ್ತೇವೆ, ರೇಷನ್ ಕಾರ್ಡ್ ಕೇಳುತ್ತೇವೆ, ಅಂಕಪಟ್ಟಿ ಕೇಳುತ್ತೇವೆ. ಮನೆಯ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಇಷ್ಟು ವರ್ಷ ಕೇಳಲಿಲ್ಲ. ಹೆಣ್ಣುಮಕ್ಕಳ ಹಾಜರಿ ಎಲ್ಲಿ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಉತ್ತರ ಬಹಳ ಮನೆಗಳಲ್ಲಿ ಅಲ್ಲಿಯೇ ಇದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಅಜ್ಜಿಗೆ ಜ್ವರ ಬಂದರೆ ಅಕ್ಕ ರಜೆ. ತಾಯಿಗೆ ಓವರ್‌ಟೈಮ್ ಇದ್ದರೆ ಅಕ್ಕ ರಜೆ. ಹೀಗೆ ಒಂದೊಂದೇ ದಿನ ಹೋಗುತ್ತದೆ. ಯಾರೂ ಅವಳನ್ನು ಶಾಲೆ ಬಿಡಿಸಿರುವುದಿಲ್ಲ, ಆದರೂ ಅವಳು ಬಿಟ್ಟಿರುತ್ತಾಳೆ.

ಇದರಲ್ಲಿ ನನ್ನದೂ ಒಂದು ಪಾಲಿದೆ, ಹೇಳಿಬಿಡುತ್ತೇನೆ. ನಾನು ಏಳನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಒಂದೂವರೆ ವರ್ಷದ ತಮ್ಮನನ್ನು ಎತ್ತಿಕೊಂಡು ಶಾಲೆಗೆ ಬರುತ್ತಿದ್ದಳು. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಮಗುವನ್ನು ಹಿಂದಿನ ಬೆಂಚಿನ ಕೆಳಗೆ ದುಪಟ್ಟಾ ಹಾಸಿ ಮಲಗಿಸುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಒಂದು ದಿನ ಇನ್‌ಸ್ಪೆಕ್ಷನ್ ಇತ್ತು. "ಇವತ್ತೊಂದು ದಿನ ಮನೆಗೆ ಹೋಗಮ್ಮ" ಎಂದು ಕಳಿಸಿದೆ. ಹೋದಳು. ಒಂದು ವಾರ ಬರಲಿಲ್ಲ, ದಸರಾ ರಜೆ ಕಳೆದ ಮೇಲೂ ಬರಲಿಲ್ಲ. ಮನೆ ಹುಡುಕಿಕೊಂಡು ಹೋದಾಗ ಬೇರೆ ಬಾಡಿಗೆದಾರರು ಇದ್ದರು. ಓದಿನಲ್ಲಿ ಜಾಣೆ, ಭಿನ್ನರಾಶಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದಳು. ಆ ಮಗುವಿಗೆ ಒಂದು ಜಾಗ ಹುಡುಕಿಕೊಟ್ಟಿದ್ದರೆ ಸಾಕಿತ್ತು. ಶಾಲೆಯಿಂದ ಎರಡು ಬೀದಿ ಆಚೆ ಅಂಗನವಾಡಿ ಇತ್ತು, ಅಲ್ಲಿಯ ಟೀಚರನ್ನು ಒಂದು ಮಾತು ಕೇಳುವಷ್ಟೂ ಹೊಳೆಯಲಿಲ್ಲ ನನಗೆ.

ಅಂಗನವಾಡಿಯಿಂದಲೇ ಶುರು ಮಾಡೋಣ. 1975ರ ಅಕ್ಟೋಬರ್ 2ರಂದು ಈ ಯೋಜನೆ ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಐವತ್ತು ವರ್ಷ ಆಗಿದೆ. ಫೀಸು ಇಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಪಾಠ, ಬಿಸಿ ಊಟ, ಮೊಟ್ಟೆ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. 2024ರಲ್ಲಿ ಬೆಂಗಳೂರಿನ ಹಲವು ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಎಂದು ಶುರು ಮಾಡಿದ್ದಾರೆ. ಆದರೂ ನಮ್ಮ ತಾಯಂದಿರು "ಅದು ಬಡವರ ಮಕ್ಕಳಿಗೆ ಮಿಸ್" ಎನ್ನುತ್ತಾರೆ. ಹೇಳುವವರ ಮನೆಗೆ ಹೋದರೆ ನಾಲ್ಕು ತಿಂಗಳ ಬಾಡಿಗೆ ಬಾಕಿ ಇರುತ್ತದೆ! ಇನ್ನೊಂದು ಮಾತು, ಅಲ್ಲಿ ಬರೀ ಕನ್ನಡ, ನಮ್ಮ ಮಗುವಿಗೆ ಉರ್ದು ಬಿಟ್ಟು ಬೇರೆ ಬರುವುದಿಲ್ಲ ಅಂತ. ಮೂವತ್ತು ವರ್ಷ ಪಾಠ ಮಾಡಿದವಳಾಗಿ ಹೇಳುತ್ತೇನೆ, ಮೂರನೇ ವರ್ಷದಲ್ಲಿ ಮಗು ಕನ್ನಡವನ್ನು ಆಟದಲ್ಲೇ ಕಲಿತುಬಿಡುತ್ತದೆ. ಐದನೇ ತರಗತಿಯಲ್ಲಿ ಅದೇ ಕನ್ನಡ ಬೆಟ್ಟವಾಗುತ್ತದೆ. ಉರ್ದು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲಿ ದಾದಿ ಇದ್ದಾರೆ, ನಾನಿ ಇದ್ದಾರೆ.

ಅಂಗನವಾಡಿಯ ಕೊರತೆಯನ್ನೂ ಹೇಳಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿ ಪೌಷ್ಟಿಕ ಆಹಾರ ಕೊಡುತ್ತಾರೆ, ದಿನವಿಡೀ ಇಟ್ಟುಕೊಳ್ಳುವುದಿಲ್ಲ. ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ತಾಯಿ ಮನೆ ಸೇರುವುದು ಆರಕ್ಕೆ, ಕೆಲವೊಮ್ಮೆ ಏಳಕ್ಕೆ. ಆ ಎರಡು ಮೂರು ಗಂಟೆ ಅಕ್ಕನ ತಲೆಗೆ ಬೀಳುತ್ತದೆ. ಅವಳ ಟ್ಯೂಷನ್ನು, ಹೋಂವರ್ಕು ಇರುವುದೂ ಆಗಲೇ.

ಕೆಲಸದ ಜಾಗದಲ್ಲಿ ಏನಿದೆ? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಐವತ್ತು ಅಥವಾ ಹೆಚ್ಚು ನೌಕರರು ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳಲು ಕ್ರೆಷ್ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಯಶವಂತಪುರ, ಪೀಣ್ಯ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ಕ್ರೆಷ್ ಇದೆಯೇ ಎಂದು ಕೆಲಸಕ್ಕೆ ಸೇರುವ ದಿನ ಕೇಳಿದವರು? ನೋಡಿದಿರಾ, ಕೈಗಳು ಇಳಿದವು. ಕೇಳಿ. ಇದ್ದರೂ ಒಂದು ತೊಂದರೆ ಉಂಟು, ಬೆಳಿಗ್ಗೆ ಎಂಟು ಗಂಟೆಯ ಬಸ್ಸಿನಲ್ಲಿ ಒಂದು ವರ್ಷದ ಮಗುವನ್ನು ಹೇಗೆ ಕರೆದೊಯ್ಯುವುದು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿಯಿತು, ನಿಲ್ಲಲು ಜಾಗ ಮಾತ್ರ ಸಿಗುತ್ತಿಲ್ಲ. ಕಟ್ಟಡ ಕೆಲಸಕ್ಕೆ ಹೋಗುವವರಿಗೆ 1996ರಲ್ಲಿ ಒಂದು ಕಾಯ್ದೆ ಬಂದಿತ್ತು, ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಮಕ್ಕಳಿಗೆ ಕೋಣೆ ಕೊಡಬೇಕು ಎಂದು ಅದರಲ್ಲಿತ್ತು. ಯಲಹಂಕ ದಾಟಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇರುವವರು ಉದ್ಯೋಗ ಖಾತರಿ ಕೂಲಿಗೆ ಹೋಗುತ್ತಿದ್ದರೆ ಕೂಸಿನ ಮನೆ ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಇಷ್ಟೆಲ್ಲ ಇದ್ದರೂ ಸುಲ್ತಾನ್‌ಪಾಳ್ಯ, ಮನೋರಾಯನಪಾಳ್ಯದ ಗಲ್ಲಿಗಳಲ್ಲಿ ನಮ್ಮವರು ಮಗುವನ್ನು ಬಿಡುವುದು ಎರಡೇ ಕಡೆ. ಪಕ್ಕದ ಮನೆಯ ಖಾಲಾ ಹತ್ತಿರ, ಇಲ್ಲವೇ ಗೋಡೆಗೆ ಮಿಕ್ಕಿ ಮೌಸ್ ಬರೆಸಿರುವ ಪ್ಲೇ ಹೋಮ್‌ನಲ್ಲಿ. ಎರಡೂ ತಪ್ಪಲ್ಲ, ನೋಡಿ ಬಿಡಬೇಕು ಅಷ್ಟೆ. ನಾವು ಕಿಲೋ ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ಒತ್ತಿ ನೋಡುತ್ತೇವೆ. ಮಗುವನ್ನು ಬಿಡುವಾಗ ಫೀಸು ಎಷ್ಟು ಎಂದು ಮಾತ್ರ ಕೇಳಿ ಬರುತ್ತೇವೆ.

ಫೋನ್ ಮಾಡದೆ ಹೋಗಿ. ಬೆಳಿಗ್ಗೆ ಹತ್ತಕ್ಕೆ ಎಲ್ಲ ಕಡೆಯೂ ಚೆಂದ ಇರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ, ಊಟ ಮಾಡಿಸಿ ಮಲಗಿಸುವ ಹೊತ್ತಿಗೆ ಹೋಗಿ. ಬಾಗಿಲಲ್ಲೇ ನಿಲ್ಲಿಸಿ "ಈಗ ಒಳಗೆ ಬರುವ ಹಾಗಿಲ್ಲ" ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಒಳಗೆ ಹೋದ ಮೇಲೆ ಮೊದಲು ಮಕ್ಕಳನ್ನು ಎಣಿಸಿ, ಆಮೇಲೆ ನೋಡಿಕೊಳ್ಳುವವರನ್ನು ಎಣಿಸಿ. ಕೇಂದ್ರ ಸರ್ಕಾರ ಕ್ರೆಷ್‌ಗಳಿಗೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೆ ಸಹಾಯಕಿ ಎಂದಿದೆ. ಮೂರರಿಂದ ಆರು ವರ್ಷದವರಾದರೆ ಇಪ್ಪತ್ತು ಮಕ್ಕಳಿಗೆ. ನನ್ನನ್ನು ಕೇಳಿದರೆ ಎಳೆಗೂಸುಗಳಿಗೆ ಹತ್ತೂ ಹೆಚ್ಚೇ. ಒಬ್ಬ ತಾಯಿಗೆ ಎರಡು ಮಕ್ಕಳನ್ನು ಹಿಡಿಯುವುದೇ ಕಷ್ಟ.

ಬೆಂಗಳೂರಿನ ಮನೆ ಎಂದ ಮೇಲೆ ಸಂಪ್ ಇರುತ್ತದೆ. ಅದರ ಮುಚ್ಚಳ ಎಲ್ಲಿದೆ, ಬೀಗ ಇದೆಯೇ, ನೀವೇ ಬಗ್ಗಿ ನೋಡಿ. ನೀರು ತುಂಬಿದ ಬಕೆಟ್ಟೂ ಒಂದು ವರ್ಷದ ಮಗುವಿಗೆ ಅಪಾಯವೇ. ಟೆರೇಸ್ ಮೆಟ್ಟಿಲಿಗೆ ಗೇಟ್ ಇದೆಯೇ, ಒಲೆ ಮಗುವಿನ ಕೈಗೆ ಎಟುಕುತ್ತದೆಯೇ, ಮಲಗಿಸುವ ಚಾಪೆಯಲ್ಲಿ ಉಚ್ಚೆಯ ವಾಸನೆ ಇದೆಯೇ, ಟಿ.ವಿ. ಎಷ್ಟು ಹೊತ್ತು ಓಡುತ್ತದೆ, ನೋಡಿ. ಮಗುವನ್ನು ಶೌಚಕ್ಕೆ ಕರೆದೊಯ್ಯುವವರು ಯಾರು ಎಂದು ಕೇಳಿ. ಮನೆಯಲ್ಲಿ ಬೇರೆ ಯಾರು ಯಾರು ಇರುತ್ತಾರೆ, ಯಾರು ಬಂದು ಹೋಗುತ್ತಾರೆ ಎಂದೂ ಕೇಳಿ. ಸಂಕೋಚ ಬೇಡ, ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಸಂಜೆ ಮಗುವನ್ನು ಕರೆದೊಯ್ಯಲು ಬರುವವರ ಹೆಸರು ಬರೆದು ಕೊಡಿ, ಬೇರೆಯವರು ಬಂದರೆ ಕಳಿಸಬಾರದು. ಏನಾದರೂ ಕೆಟ್ಟದ್ದು ಕಂಡರೆ 1098ಕ್ಕೆ ಕರೆ ಮಾಡಬಹುದು, ಅದು ಮಕ್ಕಳ ಸಹಾಯವಾಣಿ. 2012ರ ಪೋಕ್ಸೊ ಕಾಯ್ದೆ ಮೂರು ವರ್ಷದ ಮಗುವಿಗೂ ಅನ್ವಯಿಸುತ್ತದೆ. ಮರ್ಯಾದೆಯ ಮಾತಾಡಿ ಮುಚ್ಚಿಡಬೇಡಿ.

ಬಿಟ್ಟ ಮೇಲೆ ಮಗುವನ್ನೇ ನೋಡಬೇಕು. ಮೊದಲ ವಾರ ಎಲ್ಲ ಮಕ್ಕಳೂ ಅಳುತ್ತವೆ, ಅದಕ್ಕೆ ಹೆದರಬೇಡಿ. ಅಳದೆ ಮಂಕಾಗಿರುವ ಮಗುವನ್ನು ಗಮನಿಸಿ. ನಮ್ಮ ಪರಿಚಯದ ಒಬ್ಬ ತಾಯಿ ದಿನಾ ಸಂಜೆ ಹೋದಾಗ ಮಗು ತೂಕಡಿಸುತ್ತಿತ್ತು. "ನಿಮ್ಮ ಮಗು ಬಹಳ ಸಾಧು" ಎಂದು ಅಲ್ಲಿ ಹೊಗಳುತ್ತಿದ್ದರಂತೆ. ರಜೆಯ ದಿನ ಅದೇ ಮಗು ಮನೆಯಲ್ಲಿ ಕುಣಿದಾಡಿತು. ಒಂದು ಮಧ್ಯಾಹ್ನ ಹೇಳದೆ ಹೋದರು, ಮಕ್ಕಳಿಗೆ ಕೆಮ್ಮಿನ ಸಿರಪ್ ಹಾಕಿ ಮಲಗಿಸುತ್ತಿದ್ದರು. ಅಲ್ಲಿಂದ ಮಗುವನ್ನು ಬಿಡಿಸಿದರು, ಮಗು ಈಗ ಚೆನ್ನಾಗಿದೆ, ಅಲ್ಹಮ್ದುಲಿಲ್ಲಾಹ್. ಅಲ್ಲಿ ಫೀಸು ಬಹಳ ಕಡಿಮೆ ಇತ್ತು, ಅದಕ್ಕೇ ಆ ತಾಯಿ ಎರಡು ತಿಂಗಳು ಅನುಮಾನವನ್ನು ನುಂಗಿಕೊಂಡಿದ್ದರು.

ಅವಸರದ ಇನ್ನೊಂದು ಕಾಯಿಲೆ ಇದೆ. ಎರಡೂವರೆ ವರ್ಷಕ್ಕೇ ಎ ಬಿ ಸಿ ಡಿ ಬರೆಸುತ್ತಾರೆಯೇ ಎಂದು ಕೇಳುತ್ತೀರಿ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬುದೇ ನಿಯಮ. ಅಷ್ಟರವರೆಗೆ ಮಗು ಮಣ್ಣಿನಲ್ಲಿ ಆಡಲಿ, ಮಾತು ಕಲಿಯಲಿ, ತಾನೇ ಅನ್ನ ಕಲಸಿ ತಿನ್ನಲಿ. ಬರೆಸುವವರಿಗಿಂತ ಮಗುವಿನ ಜೊತೆ ಮಾತಾಡುವವರನ್ನು ಹುಡುಕಿ.

ತಂದೆಯಂದಿರಿಗೆ ಒಂದು ಮಾತು. ಸೂರಾ ಅಲ್‌-ಬಕರಾದ 233ನೇ ಆಯತ್ ಮಗುವಿಗೆ ಹಾಲುಣಿಸುವ ವಿಷಯ ಹೇಳುತ್ತದೆ. ಹಾಲು ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಸಮಾಲೋಚಿಸಿ ಒಪ್ಪಿ ಮಾಡಬೇಕು, ಬೇರೆಯವರಿಂದ ಹಾಲುಣಿಸಿದರೆ ಅವರಿಗೆ ಕೊಡಬೇಕಾದುದನ್ನು ನ್ಯಾಯವಾಗಿ ಕೊಡಬೇಕು ಎನ್ನುತ್ತದೆ. ಜಾಗ ನೋಡಲು ನೀವೂ ಒಂದು ದಿನ ಹೋಗಿ. ಆಟೊ ಓಡಿಸುವವರು ಹಾದಿಯಲ್ಲಿ ಐದು ನಿಮಿಷ ನಿಲ್ಲಿಸಿದರೂ ಸಾಕು. ನೋಡಿಕೊಳ್ಳುವ ಹೆಂಗಸಿಗೆ ಒಂದನೇ ತಾರೀಕು ಹಣ ಕೊಡಿ. ಊರಿಗೆ ಹೋದ ಹದಿನೈದು ದಿನದ ಹಣ ಹಿಡಿಯಬೇಡಿ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಪ್ರವಾದಿ (ಸ) ಅವರನ್ನು ಹಸುಳೆಯಾಗಿದ್ದಾಗ ಸಾಕಿದ ಹಲೀಮಾ ಅವರ ಕಥೆ ನಿಮಗೆಲ್ಲ ಗೊತ್ತು. ಎಷ್ಟೋ ವರ್ಷದ ನಂತರ ಅವರು ಬಂದಾಗ ಪ್ರವಾದಿಯವರು ತಮ್ಮ ಹೊದಿಕೆಯನ್ನೇ ಹಾಸಿ ಕೂರಿಸಿದರು ಎಂದು ಹೇಳುತ್ತಾರೆ. ನಾವು ನೋಡಿಕೊಳ್ಳುವವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತೇವೆ.

ದಾನಿಗಳಲ್ಲಿ ನನ್ನ ಕೋರಿಕೆ. ನೀವು ಕೊಡುವ ಹಣದಿಂದ ಹುಡುಗಿಗೆ ಪುಸ್ತಕ, ಫೀಸು ಆಗುತ್ತದೆ. ಅವಳ ತಮ್ಮನಿಗೆ ಜಾಗ ಇಲ್ಲದಿದ್ದರೆ ಆ ಪುಸ್ತಕ ಮನೆಯಲ್ಲೇ ಇರುತ್ತದೆ. ನಮ್ಮಲ್ಲಿ ಹಲವು ಮಸೀದಿಗಳ ಮಕ್ತಬ್ ಕೋಣೆ ಬೆಳಿಗ್ಗೆ ಒಂದು ಹೊತ್ತು, ಅಸರ್ ನಂತರ ಒಂದು ಹೊತ್ತು ತೆರೆದಿರುತ್ತದೆ, ನಡುವೆ ಬೀಗ. ಆ ಹೊತ್ತಿನಲ್ಲಿ ತರಬೇತಿ ಪಡೆದ ಇಬ್ಬರು ಹೆಂಗಸರನ್ನು ಸಂಬಳ ಕೊಟ್ಟು ನೇಮಿಸಿದರೆ ಎಳೆಮಕ್ಕಳಿಗೆ ಒಂದು ಕ್ರೆಷ್ ಆಗಬಹುದು. ನಾಲ್ಕು ಗಂಟೆಯ ನಂತರದ ಸಮಸ್ಯೆ ಅದರಿಂದ ತೀರುವುದಿಲ್ಲ, ಅದಕ್ಕೆ ಬೀದಿಗೊಂದು ನಂಬಿಕೆಯ ಮನೆ ಹುಡುಕಿ ಆ ಮನೆಯವರಿಗೆ ಟ್ರಸ್ಟಿನಿಂದ ಹಣ ಕೊಡಬೇಕಾಗುತ್ತದೆ. ಇದಕ್ಕೆ ಝಕಾತ್ ಹಣ ಬಳಸಬಹುದೇ ಎನ್ನುವುದನ್ನು ಮೌಲಾನಾ ಸಾಹೇಬರು ಹೇಳಲಿ, ನಾನು ಬಿ.ಎಡ್. ಓದಿದವಳು. ಸದಕಾಕ್ಕೆ ಅಡ್ಡಿಯಿಲ್ಲವೆಂದು ಕಾರ್ಯದರ್ಶಿಗಳು ಹೇಳುತ್ತಿದ್ದಾರೆ.

ಮುಂದಿನ ವರ್ಷದ ಅರ್ಜಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಕೊನೆಯ ಪುಟದಲ್ಲಿ ಹೊಸ ಪ್ರಶ್ನೆ ಸೇರಿಸಿದ್ದೇವೆ: ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು, ಹಗಲಲ್ಲಿ ಯಾರು ನೋಡಿಕೊಳ್ಳುತ್ತಾರೆ? ಖಾಲಿ ಬಿಡಬೇಡಿ. ಅಕ್ಕ ನೋಡಿಕೊಳ್ಳುವುದಾದರೆ ಅಕ್ಕ ಎಂದೇ ಬರೆಯಿರಿ, ಅದಕ್ಕಾಗಿ ಅರ್ಜಿ ತಿರಸ್ಕರಿಸುವುದಿಲ್ಲ ಎಂದು ಸಮಿತಿ ಒಪ್ಪಿದೆ. ಬುಧವಾರ ಮಧ್ಯಾಹ್ನ ನಾನು ಟ್ರಸ್ಟ್ ಕಚೇರಿಯಲ್ಲಿ ಇರುತ್ತೇನೆ. ಜಾಗ ನೋಡಲು ಜೊತೆಗೆ ಯಾರಾದರೂ ಬೇಕೆಂದರೆ ಕರೆಯಿರಿ, ಬರುತ್ತೇನೆ. ಮಂಡಿ ನೋವಿದೆ, ಮೂರನೇ ಮಹಡಿಯಾದರೆ ಸ್ವಲ್ಪ ನಿಧಾನ.

ವಸ್ಸಲಾಮ್.