ಕತ್ತಲೆಗೆ ಕಾವಲು



ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಕೆಲವು ತರುಣರು ನಮ್ಮಲ್ಲಿಗೆ ಬಂದು ಒಂದು ಬಿನ್ನಹ ಮಾಡಿಕೊಂಡಿದ್ದಾರೆ. ಭದ್ರಾ ಅರಣ್ಯದ ನಡುವೆ ಸಾರ್ವಜನಿಕರಿಗಾಗಿ ಒಂದು ಖಗೋಳ ವೀಕ್ಷಣಾಲಯ ಕಟ್ಟಬೇಕು, ಶ್ರೀಮಠವು ನೆರವಾಗಬೇಕು ಎಂಬುದು ಅವರ ಕೋರಿಕೆ. ಗುಡಿ ಕೇಳುವವರನ್ನು, ಸಮುದಾಯಭವನ ಕೇಳುವವರನ್ನು ಕಂಡಿದ್ದೇವೆ. ನಕ್ಷತ್ರ ನೋಡಲು ಮನೆ ಕೇಳಿದವರು ಇವರೇ ಮೊದಲು. ನಮಗೆ ಪರಮಸಂತೋಷವಾಯಿತು.

ಭರಣಿ ಮಳೆ, ಕೃತ್ತಿಕೆ ಮಳೆ, ರೋಹಿಣಿ ಮಳೆ ಎಂದು ನಕ್ಷತ್ರದ ಹೆಸರು ಹಿಡಿದು ಬಿತ್ತುವ ರೈತರು ನೀವು. ಆದರೆ ಕೃತ್ತಿಕೆ ಎಲ್ಲಿದೆ ತೋರಿಸು ಎಂದರೆ ನಿಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬೆರಳೆತ್ತಿ ತೋರಿಸಿಯಾರು? ಬರಿಗಣ್ಣಿಗೆ ಆರೇಳು ಚುಕ್ಕೆಯಾಗಿ ಕಾಣುವ ಆ ಗುಂಪು ಸಣ್ಣ ದೂರದರ್ಶಕದಲ್ಲಿ ಹತ್ತಾರು ನಕ್ಷತ್ರಗಳಾಗಿ ತೆರೆದುಕೊಳ್ಳುತ್ತದೆ. ಹೆಸರು ಬಾಯಲ್ಲಿ ಉಳಿದು ಅರಿವು ಅಳಿಯಬಾರದು.

ಇಂಥ ಕಾರ್ಯವನ್ನು ಹಿರಿಯರು ಹೇಗೆ ಮಾಡಿದರೆಂಬುದನ್ನು ನೋಡೋಣ. ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನಲ್ಲಿ ಕಾವಲೂರು ಎಂಬ ಊರಿದೆ. ಎತ್ತರ ಸುಮಾರು 725 ಮೀಟರ್. ಪಟ್ಟಣದ ಬೆಳಕು ತಾಗದ ಆ ಸ್ಥಳವನ್ನು ಆರಿಸಿದವರು ಡಾ. ವೇಣು ಬಾಪು. 1968ರಲ್ಲಿ ಅಲ್ಲಿ ಕೆಲಸ ಆರಂಭಿಸಿದ್ದು 38 ಸೆಂಟಿಮೀಟರ್ ದರ್ಪಣದ ಸಣ್ಣ ದೂರದರ್ಶಕ. 1972ರಲ್ಲಿ ಒಂದು ಮೀಟರಿನದು ಬಂತು. 1977ರಲ್ಲಿ ಯುರೇನಸ್ ಗ್ರಹಕ್ಕೆ ಬಳೆಗಳಿರುವುದು ತಿಳಿದಾಗ, ಆ ವೀಕ್ಷಣೆ ಮಾಡಿದ ಕೇಂದ್ರಗಳಲ್ಲಿ ಕಾವಲೂರೂ ಒಂದಾಗಿತ್ತು. ಮುಂದೆ 234 ಸೆಂಟಿಮೀಟರಿನ ಮಹಾದರ್ಪಣವನ್ನು ನಮ್ಮ ಬೆಂಗಳೂರಿನಲ್ಲಿಯೇ ಉಜ್ಜಿ ನುಣುಪುಗೊಳಿಸಿದರು. 1986ರ ಜನವರಿಯಲ್ಲಿ ಅದರ ಉದ್ಘಾಟನೆಯಾದಾಗ ಬಾಪು ಇರಲಿಲ್ಲ. 1982ರಲ್ಲಿಯೇ ಲಿಂಗೈಕ್ಯರಾದವರಂತೆ ತಮ್ಮ ಕಾಯಕದಲ್ಲಿ ಒಂದಾಗಿ ಹೋಗಿದ್ದರು. ಫಲವನ್ನು ತಾನೇ ಉಣ್ಣಬೇಕೆಂದು ತೆಂಗು ನೆಡುವವನುಂಟೆ?

ಕಟ್ಟುವ ಕ್ರಮವನ್ನೂ ಕೇಳಿ. ದೂರದರ್ಶಕ ನಿಲ್ಲುವ ಕಂಬಕ್ಕೆ ಅಡಿಪಾಯ ಬೇರೆ, ಜನ ನಿಲ್ಲುವ ನೆಲಕ್ಕೆ ಅಡಿಪಾಯ ಬೇರೆ. ಎರಡೂ ಕೂಡಿದರೆ ಒಬ್ಬರ ಹೆಜ್ಜೆಗೆ ನಕ್ಷತ್ರವೇ ನಡುಗಿದಂತೆ ಕಾಣುತ್ತದೆ. ಗುಮ್ಮಟಕ್ಕೆ ಬಿಳಿ ಬಣ್ಣ ಬಳಿಯಬೇಕು, ಹಗಲಿನ ಕಾವು ಒಳಗೆ ನಿಲ್ಲಬಾರದು. ಒಳಗಿನ ಬಿಸಿಗಾಳಿ ಮೇಲೇಳುವಾಗ ಬಿಂಬ ಕಲಕುತ್ತದೆ. ನೋಡುವವರ ಕಣ್ಣು ಕತ್ತಲೆಗೆ ಹದವಾಗಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ದಾರಿಗೆ ಮಂದವಾದ ಕೆಂಪು ದೀಪ ಮಾತ್ರ. ವೃದ್ಧರಿಗೂ ಮಕ್ಕಳಿಗೂ ಎಟುಕುವಂತೆ ಮೆಟ್ಟಿಲು ಇರಬೇಕು.

ಇನ್ನು ಸ್ಥಳದ ಮಾತು. ಭದ್ರಾ ಅರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಕತ್ತಲೆ ಅಲ್ಲಿನ ಪ್ರಾಣಿಗಳ ಬದುಕು; ಅಲ್ಲಿ ರಾತ್ರಿಯಲ್ಲಿ ನೂರಾರು ಜನರ ಸಂಚಾರ ಸಲ್ಲದು. ಮೇಲಾಗಿ ಮುಂಗಾರಿನ ಮೋಡ ಆ ಬೆಟ್ಟಗಳನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಅಮೃತಮಹಲ್ ಕಾವಲುಗಳನ್ನೂ ಮುಟ್ಟುವುದು ಬೇಡ. ಅವು ದನಕರುಗಳ, ಕೃಷ್ಣಮೃಗಗಳ ನೆಲೆ. ಕಡೂರು ಅಜ್ಜಂಪುರದ ಬಯಲುಸೀಮೆಯಲ್ಲಿ ಮಳೆ ಕಡಿಮೆ ಎಂದು ಕೊರಗುತ್ತೀರಿ. ಆಕಾಶ ನೋಡುವವನಿಗೆ ಅದೇ ಭಾಗ್ಯ. ಊರಾಚೆಯ ಒಂದು ದಿಣ್ಣೆಯನ್ನು ಭಕ್ತರೊಬ್ಬರು ದಾಸೋಹವೆಂದು ಕೊಟ್ಟರೆ ಸಾಕು.

ಕಾಡಿನ ಕತ್ತಲೆ ಅಲ್ಲಿಗೆ ಬರುವುದು ಹೇಗೆ ಎಂದು ಕೇಳುತ್ತೀರಿ. ಅದನ್ನು ನಾವೇ ತರಬೇಕು. ಬೀದಿದೀಪಕ್ಕೊಂದು ಮುಚ್ಚಳ ಹಾಕಿದರೆ ಬೆಳಕು ನೆಲಕ್ಕೆ ಬೀಳುತ್ತದೆ, ಆಕಾಶ ಉಳಿಯುತ್ತದೆ. ಇದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ. ಶ್ರೀಮಠದ ಅಂಗಳದ ದೀಪಗಳಿಂದಲೇ ಇದನ್ನು ಆರಂಭಿಸುತ್ತೇವೆ. ಸುತ್ತಿನ ಊರುಗಳು ಅನುಸರಿಸಲಿ. ಊರವರು ಕತ್ತಲೆಯನ್ನು ಕಾಯಲು ಒಪ್ಪಿದ ದಿನ ಅಡಿಗಲ್ಲು ಇಡೋಣ. ಅದಕ್ಕೆ ಮೊದಲು ಕಟ್ಟಿದರೆ ಗುಮ್ಮಟವಿರುತ್ತದೆ, ನಕ್ಷತ್ರವಿರುವುದಿಲ್ಲ.

ತರುಣರ ಸಂಕಲ್ಪ ಕೈಗೂಡಲಿ. ಎಲ್ಲರಿಗೂ ಮಂಗಳವಾಗಲಿ.