ಬಿಲ್ಲೆಯ ಅಂಕಿಯೂ ಗುಜರಿಯ ಲೆನ್ಸೂ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದವರು ಲೆನ್ಸಿನ ವಿಷಯ ಮಾತಾಡಲು ನಿಂತರೆಂದು ನಗಬೇಡಿ. ಕಾರಣವಿದೆ. ನಮ್ಮ ಸಂಘಕ್ಕೆ ಒಬ್ಬ ಹಿರಿಯರು ಬಂದರು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ದೊಡ್ಡ ಮುಷ್ಕರ ಶುರುವಾದಾಗ ಮಗ್ಗದ ಖಾತೆಯಲ್ಲಿದ್ದವರು. ಆಮೇಲೆ ಅವರಿಗೆ ಆ ಕೆಲಸ ಮರಳಿ ಸಿಗಲಿಲ್ಲ. ಹಳೆಯ ಗಿರಣಿ ಕೆಲಸಗಾರರಿಗೆ ಮನೆ ಕೊಡುವ ಯೋಜನೆಗೆ ಅರ್ಜಿ ಹಾಕಲು ಅವರಲ್ಲಿ ಉಳಿದದ್ದು ಒಂದು ಹಿತ್ತಾಳೆ ಬಿಲ್ಲೆ, ಒಂದು ಪಗಾರ ಚೀಟಿ. ಬಿಲ್ಲೆಯ ಅಂಕಿ ಸವೆದಿದೆ, ಚೀಟಿಯ ಶಾಯಿ ಹಾರಿದೆ. ಮೂರೋ ಎಂಟೋ ತಿಳಿಯದೆಂದು ಒಂದು ಕಚೇರಿಯಲ್ಲಿ ಅರ್ಜಿಯನ್ನೇ ಹಿಂದಕ್ಕೆ ಕೊಟ್ಟರು.

ಫೋನಿನಲ್ಲಿ ಚಿತ್ರ ತೆಗೆದು ನೋಡಿದೆವು. ತೀರ ಹತ್ತಿರ ಹಿಡಿದರೆ ಫೋನಿನ ನೆರಳೇ ಬಿಲ್ಲೆಯ ಮೇಲೆ ಬೀಳುತ್ತದೆ. ನಮ್ಮವನೊಬ್ಬನ ಹತ್ತಿರ ಒಳ್ಳೆಯ ಕ್ಯಾಮೆರಾ ಇತ್ತು, ಹತ್ತಿರದ ಚಿತ್ರಕ್ಕೆ ಬೇಕಾದ ಲೆನ್ಸು ಇರಲಿಲ್ಲ. ಹೊಸದರ ಬೆಲೆ ಕೇಳಿ ಸುಮ್ಮನಾದೆವು. ಹಾಗೆ ಚೋರ್ ಬಜಾರಿಗೆ ಹೋದೆವು.

ಅಲ್ಲಿ ಗುಜರಿಯ ನಡುವೆ ಒಂದು ಕರಿಯ ಪುಟ್ಟ ಲೆನ್ಸು. ಅಂಗಡಿಯವನು ಅದು ಲೈಕಾ ಲೆನ್ಸೆಂದು ಹೇಳಿ ಬೆಲೆ ಏರಿಸಿದ. ಹಿಂಬದಿಯ ತಿರುಪು 39 ಮಿಲ್ಲಿಮೀಟರ್ ನಿಜ, ಹಳೆಯ ಲೈಕಾದ್ದೂ ಅಷ್ಟೇ. ಆದರೆ ದೂರ ಹತ್ತಿರ ಹೊಂದಿಸುವ ಬಳೆಯೇ ಅದಕ್ಕಿಲ್ಲ! 2.8ರಿಂದ 16ರವರೆಗೆ ಕಿಂಡಿ ಕಿರಿದು ಮಾಡುವ ಬಳೆ ಮಾತ್ರ ಇದೆ. ಧೂಳು ಒರೆಸಿದರೆ ‘ಎಲ್-ನಿಕ್ಕೋರ್, ನಿಪ್ಪಾನ್ ಕೊಗಾಕು’ ಎಂಬ ಅಕ್ಷರ. ಇದು ಜಪಾನಿನ ನಿಕಾನ್ ಕಂಪನಿಯ ಹಳೆಯ ಹೆಸರು, 1988ರಲ್ಲಿ ಬದಲಾಯಿತು. ಎಂದರೆ ನಮ್ಮ ಲೆನ್ಸು ಅದಕ್ಕೂ ಹಿಂದಿನದು, ಕತ್ತಲೆ ಕೋಣೆಯಲ್ಲಿ ನೆಗೆಟಿವಿನಿಂದ ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರಿನದು. ಬೀದಿಯಲ್ಲೇ ಪರೀಕ್ಷೆ ಮಾಡಿದೆವು: ಎದುರಿನ ಕಟ್ಟಡದ ಬಿಂಬ ಲೆನ್ಸಿನಿಂದ ಸುಮಾರು ಎರಡು ಅಂಗುಲ ಹಿಂದೆ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿತು. 50 ಮಿಲ್ಲಿಮೀಟರ್ ಲೆನ್ಸೆಂಬುದು ಖಾತ್ರಿಯಾಯಿತು. ಟಾರ್ಚು ಬಿಟ್ಟು ಒಳಗೆ ಬೂಷ್ಟು ಇದೆಯೋ ಎಂದು ನೋಡಿದೆವು. ಮುಂಬಯಿಯ ಮಳೆಗಾಲ ಗಾಜನ್ನೂ ಬಿಡುವುದಿಲ್ಲ. ಚೊಕ್ಕಟವಿತ್ತು.

ಚಪ್ಪಟೆ ನೆಗೆಟಿವನ್ನು ಚಪ್ಪಟೆ ಕಾಗದಕ್ಕೆ ಮೂಲೆಮೂಲೆಯೂ ಸರಿಯಾಗಿ ಇಳಿಸುವುದೇ ಈ ಲೆನ್ಸಿನ ಕಸುಬು. ಬಿಲ್ಲೆಯೂ ಚಪ್ಪಟೆ, ಚೀಟಿಯೂ ಚಪ್ಪಟೆ. ನಮಗೆ ಬೇಕಾದದ್ದು ಇದೇ.

ಇನ್ನು ಕ್ಯಾಮೆರಾಕ್ಕೆ ಕೂರಿಸುವ ಮಾತು. 39ರಿಂದ 42 ಮಿಲ್ಲಿಮೀಟರಿಗೆ ಏರಿಸುವ ತೆಳು ಬಳೆ, ಹಳೆಯ 42ರ ತಿರುಪಿನ ಮೂರು ಖಾಲಿ ಕೊಳವೆ, ಕೊನೆಗೆ ನಮ್ಮ ಕ್ಯಾಮೆರಾಕ್ಕೆ ಸೇರುವ ಇನ್ನೊಂದು ಬಳೆ. ಕೊಳವೆ ಮೂರೂ ಸೇರಿ ಸುಮಾರು 50 ಮಿಲ್ಲಿಮೀಟರ್. ಲೆನ್ಸಿನ ಅಳತೆಯಷ್ಟೇ ಕೊಳವೆ ಸೇರಿದರೆ ವಸ್ತು ಇದ್ದಷ್ಟೇ ಗಾತ್ರದಲ್ಲಿ ಒಳಗೆ ಮೂಡುತ್ತದೆ. ಬೆಳಕು ಮಾತ್ರ ಕಾಲು ಭಾಗಕ್ಕಿಳಿಯುತ್ತದೆ. ನಾಲ್ಕು ಪಟ್ಟು ಹೊತ್ತು ತೆರೆದಿಡಬೇಕು. ಮೊದಲ ಚಿತ್ರ ಮಜ್ಜಿಗೆ ಚೆಲ್ಲಿದಂತೆ ಬಂತು. ಕೊಳವೆಯ ಒಳಗಿನ ಹೊಳಪೇ ಅದಕ್ಕೆ ಕಾರಣ. ಕರಿ ಕಾಗದ ಅಂಟಿಸಿದ ಮೇಲೆ ಸರಿಹೋಯಿತು.

ಕಿಂಡಿ 8ಕ್ಕೆ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲ್ಲಿಮೀಟರಿನಷ್ಟೇ. ಹೊಂದಿಸುವ ಬಳೆ ಇಲ್ಲವಲ್ಲ, ಬಿಲ್ಲೆಯ ಕೆಳಗೆ ಹೋಟೆಲಿನ ಬಿಲ್ ಪುಸ್ತಕವಿಟ್ಟು ಹಾಳೆ ಹಾಳೆಯಾಗಿ ಎತ್ತರ ಹೊಂದಿಸಿದೆವು. ಬಿಲ್ಲೆಯ ಜಾಗದಲ್ಲಿ ಮೊದಲು ಕನ್ನಡಿ ಇಟ್ಟು ನೋಡಿ: ಲೆನ್ಸಿನ ಪ್ರತಿಬಿಂಬ ಚಿತ್ರದ ನಟ್ಟನಡುವೆ ಕಂಡರೆ ಕ್ಯಾಮೆರಾ ನೆಟ್ಟಗಿದೆ ಎಂದು ತಿಳಿಯಿರಿ. ಫ್ಯಾನು ನಿಲ್ಲಿಸಿ, ಲೋಕಲ್ ಗಾಡಿ ದಾಟುವವರೆಗೆ ಕಾದು, ಗುಂಡಿ ಒತ್ತಿದೆವು.

ಮೇಲಿನಿಂದ ಬೆಳಕು ಕೊಟ್ಟಾಗ ಏನೂ ಕಾಣಲಿಲ್ಲ. ಟಾರ್ಚನ್ನು ಮೇಜಿಗೆ ತಾಗಿಸಿ ಅಡ್ಡಲಾಗಿ ಬಿಟ್ಟಾಗ, ಅಚ್ಚು ಒತ್ತಿದ ತಗ್ಗಿನಲ್ಲಿ ನೆರಳು ನಿಂತಿತು. ಎಂಟಾಗಿದ್ದರೆ ಎಡಗಡೆಯೂ ಗೆರೆ ಬಾಗಬೇಕಿತ್ತು, ಇರಲಿಲ್ಲ. ಮೂರು! ಚೀಟಿಯಲ್ಲಿ ಶಾಯಿ ಹೋದರೂ ಪೆನ್ನು ಒತ್ತಿದ ಗೀರು ಉಳಿದಿತ್ತು, ಅಲ್ಲಿಯೂ ಮೂರೇ. ಹಿರಿಯರು ಏನೂ ಮಾತಾಡಲಿಲ್ಲ. ಬಿಲ್ಲೆಯನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಎರಡು ಚಿತ್ರಗಳನ್ನೂ ಸೇರಿಸಿ ಅರ್ಜಿ ಮತ್ತೆ ಕೊಟ್ಟಿದ್ದೇವೆ. ಉತ್ತರ ಬರಬೇಕಾಗಿದೆ.

ನಿಮ್ಮ ತಂದೆಯವರ, ಮಾವನವರ ಟ್ರಂಕಿನಲ್ಲಿ ಇಂಥ ಬಿಲ್ಲೆಯೋ ಚೀಟಿಯೋ ಇದ್ದರೆ ಮುಂದಿನ ಭಾನುವಾರ ಸಂಘಕ್ಕೆ ತನ್ನಿ. ನಾವು ಹೋಟೆಲಿನವರು, ಹಿತ್ತಾಳೆ ಕಂಡರೆ ಹುಣಿಸೆಹಣ್ಣಿಗೆ ಕೈ ಹಾಕುವವರು. ದಯಮಾಡಿ ತಿಕ್ಕಬೇಡಿ, ಉಳಿದಿರುವ ಅಂಕಿಯೂ ಹೋದೀತು.